ಅಕಾಡೆಮಿಕ್ ಇಂಗ್ಲಿಷ್ ಪದಗಳು: ಅರ್ಥ ಬಾಯಿಪಾಠ ಆಗಿದೆ, ಬರೆಯಲು ಕೂತರೆ ಬರುತ್ತಿಲ್ಲ. ಹೇಗೆ ಕಲಿಯಬೇಕು?

ಗಂಗೋತ್ರಿ ಎಕನಾಮಿಕ್ಸ್

ಎಲ್ಲರಿಗೂ ನಮಸ್ಕಾರ. ನಾನು ಕೆ.ಆರ್. ಪೇಟೆ ಕಡೆಯವಳು. ಡಿಗ್ರಿವರೆಗೂ ಕನ್ನಡ ಮಾಧ್ಯಮ, ಈಗ ಮಾನಸಗಂಗೋತ್ರಿಯಲ್ಲಿ ಎಂ.ಎ. ಅರ್ಥಶಾಸ್ತ್ರ. ಪ್ರಾಜೆಕ್ಟ್ ರಿಪೋರ್ಟ್ ಇಂಗ್ಲಿಷಿನಲ್ಲೇ ಬರೆಯಬೇಕು ಅಂತ ಹಟ ಮಾಡಿದ್ದೇನೆ. ಮಂಡ್ಯ ಸುತ್ತಿನ ಕಬ್ಬು ಬೆಳೆಗಾರರ ಸಾಲ ನನ್ನ ವಿಷಯ. ಅಪ್ಪನೇ ಕಬ್ಬು ಬೆಳೆಯೋರು, ಹಾಗಾಗಿ ಹೇಳುವುದಕ್ಕೆ ಬೇಕಾದಷ್ಟಿದೆ. ಹೇಳುವ ಭಾಷೆ ಮಾತ್ರ ಕೈಗೆ ಸಿಗುತ್ತಿಲ್ಲ.

ಸೀನಿಯರ್ ಒಬ್ಬರು 570 ಪದಗಳ ಒಂದು ಪಟ್ಟಿ ಕೊಟ್ಟರು. ಪ್ರತಿ ಪದಕ್ಕೂ ಇಂಗ್ಲಿಷಿನಲ್ಲೇ ಒಂದು ಸಾಲಿನ ಅರ್ಥ, ಅದರ ಕೆಳಗೆ ಒಂದು ಉದಾಹರಣೆ ವಾಕ್ಯ. ಸುಮಾರು ಭಾಗ ಬಾಯಿಪಾಠ ಆಗಿದೆ. ಅಸ್ಯೂಮ್ ಅಂದರೆ ಏನು, ಡಿರೈವ್ ಅಂದರೆ ಏನು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಬರೆಯಲು ಕೂತಾಗ ಒಂದೂ ನೆನಪಿಗೆ ಬರುವುದಿಲ್ಲ. ಬಂದದ್ದನ್ನು ಹಾಕಿದರೆ ಗೈಡ್ ಮೇಡಂ "ಅರ್ಥ ಆಗುತ್ತೆ, ಆದರೆ ಇಂಗ್ಲಿಷಿನಲ್ಲಿ ಹೀಗೆ ಹೇಳಲ್ಲ" ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುತ್ತಾರೆ.

ಪಟ್ಟಿಯನ್ನೇ ಬಿಟ್ಟುಬಿಡಬೇಕಾ? ಪಕ್ಕದಲ್ಲಿ ಕನ್ನಡದ ಅರ್ಥ ಬರೆದುಕೊಳ್ಳುವುದು ಸರಿಯಾ? ಹಾಸ್ಟೆಲಿನಲ್ಲಿ ಕೆಲವರು "ಕನ್ನಡದಲ್ಲಿ ಯೋಚಿಸುವುದನ್ನ ಬಿಡು, ಆಮೇಲೆ ತಾನಾಗೇ ಬರುತ್ತೆ" ಅನ್ನುತ್ತಾರೆ. ಅದು ನನಗಂತೂ ಆಗುತ್ತಿಲ್ಲ.

ವಿ.ಸಿ. ಫಾರಂ ಹುಡುಗ

ಅಕ್ಕ, ನಿಮ್ದೇ ಕತೆ ನಮ್ದೂವೆ. ನಾನು ಬಿ.ಎಸ್ಸಿ. ಅಗ್ರಿ. ಓದುದ್ರೆ ಗೊತ್ತಾಯ್ತದೆ, ಬರೆಯಾಕೆ ಕುಂತ್ರೆ ಕೈ ಓಡಾಕಿಲ್ಲ. ಯಾರಾದ್ರೂ ತಿಳ್ದೋರು ಹೇಳಿ, ನಾನೂ ಇಲ್ಲೇ ಕಾಯ್ತಿರ್ತೀನಿ.

ಮದ್ದೂರು ಮೇಷ್ಟ್ರು

ಪಟ್ಟಿ ಬಿಡಬೇಡಮ್ಮ. ಓದುವ ಕ್ರಮ ತಿರುಗಿಸು.

ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ನಮ್ಮ ಮಕ್ಕಳು ನಿಘಂಟು ತೆರೆದರೆ ಕಣ್ಣು ನೇರವಾಗಿ ಅರ್ಥಕ್ಕೆ ಹೋಗುತ್ತದೆ. ಅರ್ಥ ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚುತ್ತಾರೆ. ಬೇರೆಯವರು ಬರೆದದ್ದನ್ನು ಓದುವಾಗ ಪದದ ಗುರುತು ಹಿಡಿಯಲು ಅಷ್ಟು ಸಾಕು. ನೀನೇ ಬರೆಯಬೇಕಾದಾಗ ಬೇರೆ ಸಂಗತಿಗಳು ಬೇಕು: ಆ ಕ್ರಿಯಾಪದದ ಕರ್ತೃ ಮನುಷ್ಯನಾಗಿರಬೇಕೋ ಸಂಗತಿಯಾಗಿರಬೇಕೋ, ಮುಂದೆ ಪ್ರಿಪೊಸಿಷನ್ ಬೇಕೋ ಬೇಡವೋ, ಬೇಕಾದರೆ ಯಾವುದು, ಕರ್ಮಣಿ ಪ್ರಯೋಗದಲ್ಲಿ ಬರುತ್ತದೋ ಇಲ್ಲವೋ. ಇವೆಲ್ಲ ಇರುವುದು ಉದಾಹರಣೆ ವಾಕ್ಯದಲ್ಲಿ.

ನಿನ್ನ ವಿಷಯದಿಂದಲೇ ಒಂದು ತೆಗೆದುಕೊ. 'ರಿಸಲ್ಟ್' ಗೊತ್ತಿಲ್ಲದವರು ಯಾರೂ ಇಲ್ಲ, ಎಸ್ಸೆಸ್ಸೆಲ್ಸಿ ಮಕ್ಕಳ ಮನೆಯಲ್ಲೆಲ್ಲ ಓಡಾಡುವ ಮಾತು. ಅದು ಕ್ರಿಯಾಪದವಾದಾಗ 'ರಿಸಲ್ಟ್ ಇನ್' ಎಂದರೆ ಅದರ ಮುಂದೆ ಬರುವುದು ಪರಿಣಾಮ, 'ರಿಸಲ್ಟ್ ಫ್ರಮ್' ಎಂದರೆ ಮುಂದೆ ಬರುವುದು ಕಾರಣ. 'ಡಿಲೇಯ್ಡ್ ಪೇಮೆಂಟ್ಸ್ ರಿಸಲ್ಟ್ ಇನ್ ಡೆಟ್' ಎಂದು ಬರೆದರೆ ಬಾಕಿ ಹಣ ತಡವಾಗಿ ಬಂದದ್ದಕ್ಕೆ ರೈತ ಸಾಲಗಾರನಾದ. ಅಲ್ಲಿ 'ಇನ್' ತೆಗೆದು 'ಫ್ರಮ್' ಹಾಕಿಬಿಟ್ಟರೆ ರೈತ ಸಾಲ ಮಾಡಿದ್ದಕ್ಕೇ ಕಾರ್ಖಾನೆ ಹಣ ತಡಮಾಡಿತು ಎಂದು ಪರೀಕ್ಷಕರು ಓದಿಕೊಳ್ಳುತ್ತಾರೆ. ಅರ್ಥದ ಸಾಲನ್ನು ನೂರು ಸಲ ಉರುಹೊಡೆದರೂ ಇದು ತಿಳಿಯುವುದಿಲ್ಲ.

ಇನ್ನೊಂದು. ಕನ್ನಡದಲ್ಲಿ ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ, ಒಂದು ಅಂಶದ ಮೇಲೆ ಒತ್ತು ಕೊಡುತ್ತೇವೆ. ಆ 'ಬಗ್ಗೆ', ಆ 'ಮೇಲೆ' ಎರಡೂ ನಮಗೆ ತಿಳಿಯದಂತೆ ಇಂಗ್ಲಿಷಿಗೆ ಬಂದು 'ಡಿಸ್ಕಸ್ ಅಬೌಟ್', 'ಎಂಫಸೈಜ್ ಆನ್' ಆಗುತ್ತವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಪ್ರಿಪೊಸಿಷನ್ ಇಲ್ಲ, ನೇರವಾಗಿ ಕರ್ಮ ಬರಬೇಕು. ನಿಮ್ಮ ಗೈಡ್ ಮೇಡಂ ಪೆನ್ಸಿಲ್ ಗುರುತು ಹಾಕಿದ ಜಾಗಗಳನ್ನು ಒಮ್ಮೆ ನೋಡು. ಬಹುಪಾಲು ಇಂಥವೇ ಇರುತ್ತವೆ.

ಆದ್ದರಿಂದ ಅರ್ಥದ ಸಾಲನ್ನು ಕೈಯಿಂದ ಮುಚ್ಚಿಕೊ. ಮೊದಲು ಉದಾಹರಣೆ ಓದು. ಪದದ ಅರ್ಥ ಏನಿರಬಹುದು ಎಂದು ಕನ್ನಡದಲ್ಲೇ ಊಹಿಸು. ಆಮೇಲೆ ಕೈ ತೆಗೆದು ಅರ್ಥ ನೋಡು, ನಿನ್ನ ಊಹೆ ಎಷ್ಟು ಹತ್ತಿರ ಬಂತು ಎಂದು ತಾಳೆ ಹಾಕು. ಆ ಪದದ ಎಡಬಲದಲ್ಲಿರುವ ಪದಗಳಿಗೆ ಗೆರೆ ಎಳೆ. ಕೊನೆಗೆ ಅದೇ ಅಚ್ಚಿನಲ್ಲಿ ಕಬ್ಬಿನ ಮೇಲೆ, ಸಾಲದ ಮೇಲೆ ನಿನ್ನದೊಂದು ವಾಕ್ಯ ಬರೆ. ಈ ಕೊನೆಯ ಹೆಜ್ಜೆ ಬಿಟ್ಟರೆ ಹಿಂದಿನದೆಲ್ಲ ವ್ಯರ್ಥ.

ಪಾಂಡವಪುರ ಲೋಕಲ್

ಮೇಷ್ಟ್ರ ಮಾತಿಗೆ ಎದುರಾಡ್ತಿಲ್ಲ, ಆದರೆ ಪಟ್ಟಿ ಅನ್ನೋದರ ಬಗ್ಗೆಯೇ ನನ್ನ ತಕರಾರಿದೆ. ನಾನು ಎಂ.ಟೆಕ್. ಮಾಡುವಾಗ ಯಾವ ಪಟ್ಟಿಯನ್ನೂ ಮುಟ್ಟಲಿಲ್ಲ. ಮೈಸೂರು ರೈಲಿನಲ್ಲಿ ಹೋಗುತ್ತಾ ಬರುತ್ತಾ ಒಂದೇ ವಿಷಯದ ಪೇಪರುಗಳನ್ನು ಓದಿದೆ. ಒಂದೇ ವಿಷಯ ಅನ್ನೋದು ಮುಖ್ಯ. ಇವತ್ತು ನೀರಾವರಿ, ನಾಳೆ ಬ್ಯಾಂಕಿಂಗ್ ಅಂತ ಹಾರಾಡಿದರೆ ಪ್ರತಿ ಸಲ ಹೊಸ ಪದಗಳು. ಬರೀ ರೈತರ ಸಾಲದ ಮೇಲಿನ ಪೇಪರುಗಳನ್ನೇ ಓದಿದರೆ ಅವೇ ಪದಗಳು, ಅವೇ ಜೋಡಿಗಳು ಮತ್ತೆ ಮತ್ತೆ ಎದುರಿಗೆ ಬರುತ್ತವೆ. ನಾಲ್ಕನೇ ಪೇಪರಿಗೆ ಬರುವಷ್ಟರಲ್ಲಿ ಕಣ್ಣಿಗೆ ಪಳಗಿರುತ್ತವೆ.

ಪಟ್ಟಿಯ ಉದಾಹರಣೆ ವಾಕ್ಯ ಯಾರೋ ಕೂತು ಕಟ್ಟಿದ್ದು. ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಪೇಪರಿನ ವಾಕ್ಯ ಒಬ್ಬ ಸಂಶೋಧಕ ಏನನ್ನೋ ಸಾಧಿಸಲು ಬರೆದದ್ದು. ಉದಾಹರಣೆಗೆ, ಬೇರೆಯವರ ಕೆಲಸವನ್ನು ಉಲ್ಲೇಖಿಸುವಾಗ ಬರುವ ಕ್ರಿಯಾಪದಗಳನ್ನೇ ನೋಡಿ. ಆರ್ಗ್ಯೂ, ಕ್ಲೇಮ್, ಸಜೆಸ್ಟ್, ಡೆಮಾನ್‌ಸ್ಟ್ರೇಟ್. ಅರ್ಥದ ಸಾಲನ್ನಷ್ಟೇ ನೋಡಿದರೆ ಎಲ್ಲಕ್ಕೂ ಹೆಚ್ಚುಕಮ್ಮಿ 'ಹೇಳು' ಅನ್ನೋ ಅರ್ಥವೇ. ಪೇಪರಿನಲ್ಲಿ 'ಡೆಮಾನ್‌ಸ್ಟ್ರೇಟ್' ಅಂತ ಬರೆದವರು ಆ ಮಾತನ್ನು ತಾವೂ ಒಪ್ಪಿದ್ದಾರೆ. 'ಕ್ಲೇಮ್' ಅಂತ ಬರೆದವರು ಸ್ವಲ್ಪ ದೂರ ನಿಂತಿದ್ದಾರೆ, ಮುಂದಿನ ವಾಕ್ಯದಲ್ಲಿ 'ಹೌಎವರ್' ಬರುವ ಸಾಧ್ಯತೆ ಜಾಸ್ತಿ. ಒಂದು ಪ್ಯಾರಾ ಪೂರ್ತಿ ಓದಿದರೆ ಮಾತ್ರ ಇದು ಹಿಡಿತಕ್ಕೆ ಸಿಗುತ್ತೆ, ಒಂಟಿ ವಾಕ್ಯದಲ್ಲಿ ಸಿಗಲ್ಲ.

ಕುಕ್ಕರಹಳ್ಳಿ ಏರಿ

ಪಾಂಡವಪುರದ ಅಣ್ಣನ ತಕರಾರಿನಲ್ಲಿ ಹುರುಳಿದೆ. ಆದರೆ ಆ ಪಟ್ಟಿ ಎಲ್ಲಿಂದ ಬಂತು ಅನ್ನೋದನ್ನು ತಿಳಿದರೆ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಅನ್ನೋದು ಗೊತ್ತಾಗುತ್ತೆ. ನಾನು ಭಾಷಾವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಇದು ನನ್ನ ದಿನನಿತ್ಯದ ಓದು.

570 ಅಂದಮೇಲೆ ಅದು ಏವರಿಲ್ ಕಾಕ್ಸ್‌ಹೆಡ್ ಅವರ ಅಕಾಡೆಮಿಕ್ ವರ್ಡ್ ಲಿಸ್ಟ್. ನ್ಯೂಜಿಲೆಂಡಿನವರು, 2000ರಲ್ಲಿ ಪ್ರಕಟಿಸಿದರು. ಕಲಾ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ಕ್ಷೇತ್ರಗಳ 28 ವಿಷಯಗಳಿಂದ ಸುಮಾರು 35 ಲಕ್ಷ ಪದಗಳಷ್ಟು ಬರಹ ಒಟ್ಟುಮಾಡಿ ಎಣಿಸಿದರು. ಪಟ್ಟಿಗೆ ಸೇರಬೇಕಾದರೆ ಆ ಪದ ನಾಲ್ಕೂ ಕ್ಷೇತ್ರಗಳಲ್ಲಿ ಕಾಣಿಸಬೇಕು, 28ರಲ್ಲಿ ಕನಿಷ್ಠ 15 ವಿಷಯಗಳಲ್ಲಿ ಬಂದಿರಬೇಕು. ಹಾಗಾಗಿ ಇಲ್ಲಿ ಅರ್ಥಶಾಸ್ತ್ರದ ಪಾರಿಭಾಷಿಕ ಪದ ಸಿಗಲ್ಲ, ಎಲ್ಲ ವಿಷಯಗಳಿಗೂ ಹಂಚಿಕೆಯಾದ ಪದಗಳು ಸಿಗುತ್ತವೆ. ವಿದ್ವತ್ ಬರಹದಲ್ಲಿ ಸರಿಸುಮಾರು ಶೇ. 10ರಷ್ಟು ಇವೇ ಇರುತ್ತವೆ ಅನ್ನೋದು ಅವರ ಎಣಿಕೆ.

ಇನ್ನೊಂದು ಗಮನಿಸಿ, 570 ಬಿಡಿ ಪದಗಳಲ್ಲ, 570 ಕುಟುಂಬಗಳು. 'ಅನಲೈಸ್' ಅನ್ನೋದರ ಜೊತೆಗೆ ಅನಾಲಿಸಿಸ್, ಅನಲಿಸ್ಟ್, ಅನಲಿಟಿಕಲ್ ಎಲ್ಲವೂ ಒಂದೇ ಮನೆಯವು. ತಲೆಪದ ಒಂದನ್ನೇ ಉರುಹೊಡೆದವರಿಗೆ ಬರೆಯುವಾಗ ನಾಮಪದ ಬೇಕಾಗುತ್ತೆ, ಅದು ಬಾಯಿಗೆ ಬರಲ್ಲ. ಪಟ್ಟಿಯನ್ನು ಬಳಕೆಯ ಪ್ರಮಾಣ ನೋಡಿ ಹತ್ತು ಭಾಗ ಮಾಡಿದ್ದಾರೆ, ಮೊದಲ ಒಂಬತ್ತರಲ್ಲಿ ಅರವತ್ತರವತ್ತು, ಕೊನೆಯದರಲ್ಲಿ ಮೂವತ್ತು. ಮೊದಲ ಭಾಗದಿಂದಲೇ ಶುರುಮಾಡಿ. ಅಕ್ಷರಮಾಲೆ ಪ್ರಕಾರ ಅಚ್ಚು ಹಾಕಿರುವ ಪ್ರತಿ ನಿಮ್ಮ ಹತ್ತಿರ ಇದ್ದರೆ ಅದನ್ನು ಪಕ್ಕಕ್ಕಿಟ್ಟು, ಭಾಗಗಳಾಗಿ ವಿಂಗಡಿಸಿರುವುದನ್ನು ತೆಗೆದುಕೊಳ್ಳಿ.

ಪಟ್ಟಿಯ ಕೊರತೆಯನ್ನೂ ಹೇಳಬೇಕು. 1953ರಲ್ಲಿ ಮೈಕೆಲ್ ವೆಸ್ಟ್ ಮಾಡಿದ ಸುಮಾರು 2,000 ಸಾಮಾನ್ಯ ಪದಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಅದರಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿಗೆ ಸೇರಿಸಿದರು. ಅಷ್ಟು ಹಳೆಯ ಪಟ್ಟಿಯಾದ್ದರಿಂದ 'ಕಂಪ್ಯೂಟರ್' ಕೂಡ ಇಲ್ಲಿ ವಿದ್ವತ್ ಪದವಾಗಿ ಕೂತಿದೆ. ಆಮೇಲೆ ಗಾರ್ಡ್ನರ್ ಮತ್ತು ಡೇವಿಸ್ 2014ರಲ್ಲಿ 12 ಕೋಟಿ ಪದಗಳ ಸಂಚಯದಿಂದ ಬೇರೆ ಪಟ್ಟಿ ಮಾಡಿದರು. ಅದಕ್ಕೂ ಮುಂಚೆ, 2007ರಲ್ಲಿ, ಹೈಲ್ಯಾಂಡ್ ಮತ್ತು ತ್ಸೆ ಇನ್ನೂ ಬುಡಕ್ಕೇ ಕೈಹಾಕಿದ್ದರು: ಒಂದೇ ಪದ ಒಂದೊಂದು ವಿಷಯದಲ್ಲಿ ಒಂದೊಂದು ರೀತಿ ನಡೆದುಕೊಳ್ಳುವಾಗ ಎಲ್ಲರಿಗೂ ಒಂದೇ ಪಟ್ಟಿ ಅನ್ನೋದೇ ಸರಿಯಾ ಅಂತ. ಪಾಂಡವಪುರದವರು ಹೇಳುತ್ತಿರೋದು ಇದೇ ವಾದ.

ಆದರೆ ಅಣ್ಣ, ನಿಮ್ಮ ದಾರಿಗೂ ಒಂದು ಬಾಗಿಲಿದೆ. ನೂರು ಪದಗಳಲ್ಲಿ 98 ಗೊತ್ತಿದ್ದರೆ ಮಾತ್ರ ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಓದಲು ಆಗುತ್ತೆ ಅಂತ ಹೂ ಮತ್ತು ಪಾಲ್ ನೇಷನ್ ಅನ್ನೋ ಸಂಶೋಧಕರು 2000ರಲ್ಲಿ ತೋರಿಸಿದರು. 300 ಪದಗಳ ಪುಟದಲ್ಲಿ ಆರಕ್ಕಿಂತ ಹೆಚ್ಚು ಅಪರಿಚಿತ ಪದ ಬಂದರೆ ಓದು ಕುಂಟುತ್ತೆ. ಕನ್ನಡ ಮಾಧ್ಯಮದಿಂದ ಈಗ ತಾನೇ ಬಂದವರಿಗೆ ಜರ್ನಲ್ ಪೇಪರಿನ ಒಂದು ಪುಟದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇರುತ್ತೆ. ಆ ಅಂತರ ದಾಟಲು ಪಟ್ಟಿ ಬೇಕು.

ಪಾಂಡವಪುರ ಲೋಕಲ್

ಒಪ್ಪಿದೆ, ಅರ್ಧಕ್ಕೆ. ಶುರುವಿಗೆ ಪಟ್ಟಿ ಇರಲಿ. ಮೊದಲ ಎರಡು ಭಾಗ ಮುಗಿದ ಕೂಡಲೇ ಪೇಪರಿಗೆ ಇಳಿಯಿರಿ, ಹತ್ತೂ ಮುಗಿಸಿ ಆಮೇಲೆ ಓದುತ್ತೇನೆ ಅಂತ ಕಾಯಬೇಡಿ.

ಗಂಗೋತ್ರಿ ಎಕನಾಮಿಕ್ಸ್

ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಹೇಳಿದ ಹಾಗೆ ಅರ್ಥ ಮುಚ್ಚಿಕೊಂಡು ಓದಿ ನೋಡಿದೆ, ಊಹಿಸಿದ ಪದ ಗಟ್ಟಿಯಾಗಿ ಕೂರುತ್ತಿದೆ. ಇನ್ನೊಂದು ತೊಂದರೆ. ನನ್ನ ಹತ್ತಿರ ಇರೋ ಸಣ್ಣ ನಿಘಂಟಿನಲ್ಲಿ ಅರ್ಥವೇ ಪದಕ್ಕಿಂತ ಕಷ್ಟ. ಒಂದು ಪದ ಹುಡುಕಿದರೆ ಇನ್ನೆರಡು ಹುಡುಕಬೇಕು, ಅವು ತಿರುಗಿ ಮೊದಲನೆಯದಕ್ಕೇ ತಂದು ಬಿಡುತ್ತವೆ. ಯಾವ ನಿಘಂಟು ಬಳಸಬೇಕು?

ಕುಕ್ಕರಹಳ್ಳಿ ಏರಿ

ಇಂಗ್ಲಿಷ್ ಮನೆಮಾತಿನವರಿಗಾಗಿ ಮಾಡಿದ ನಿಘಂಟು ಬಿಟ್ಟು ಕಲಿಯುವವರಿಗಾಗಿಯೇ ಮಾಡಿದ್ದು ತೆಗೆದುಕೊಳ್ಳಿ. ಈ ಜಾತಿಯ ನಿಘಂಟಿನ ಬೇರು ನಮ್ಮ ಉಪಖಂಡದಲ್ಲೇ ಇದೆ ಅನ್ನೋದು ನನಗೆ ಬಹಳ ಇಷ್ಟದ ವಿಷಯ. ಮೇಲೆ ಹೇಳಿದ ಮೈಕೆಲ್ ವೆಸ್ಟ್ ಇಂಗ್ಲೆಂಡಿನಲ್ಲಿ ಕೂತು ಇದನ್ನು ಯೋಚಿಸಿದವರಲ್ಲ. ಅವರು ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಹತ್ತಿರದಿಂದ ನೋಡಿದವರು. 1935ರಲ್ಲಿ ಅವರು ಎಂಡಿಕಾಟ್ ಜೊತೆ ಒಂದು ನಿಘಂಟು ತಂದರು, ಅದರ ಸುಮಾರು 24,000 ನಮೂದುಗಳನ್ನೂ ಬರೀ 1,490 ಪದಗಳಲ್ಲಿ ವಿವರಿಸಿದ್ದರು. ಅಷ್ಟು ಪದ ಗೊತ್ತಿದ್ದರೆ ಇಡೀ ನಿಘಂಟು ತೆರೆದುಕೊಳ್ಳುತ್ತಿತ್ತು. ನಿಮ್ಮನ್ನು ಸುತ್ತಿಸುತ್ತಿರೋ ಆ ಗಿರಕಿಗೆ ಕೊಟ್ಟ ಮೊದಲ ಗಟ್ಟಿ ಉತ್ತರ ಅದು.

1978ರ ಲಾಂಗ್‌ಮನ್ ಡಿಕ್ಷನರಿ ಇದೇ ತತ್ವವನ್ನು ಸುಮಾರು 2,000 ಪದಗಳೊಂದಿಗೆ ಮುಂದುವರಿಸಿತು. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಮಾಡುತ್ತಿದ್ದಾಗ ರೂಪಿಸಿ 1942ರಲ್ಲಿ ಅಲ್ಲೇ ಅಚ್ಚಾದ ನಿಘಂಟು ಮುಂದೆ ಆಕ್ಸ್‌ಫರ್ಡಿನ ಅಡ್ವಾನ್ಸ್ಡ್ ಲರ್ನರ್ಸ್ ಆಯಿತು. ಕ್ರಿಯಾಪದ ಯಾವ ಅಚ್ಚಿನಲ್ಲಿ ಬರುತ್ತೆ ಅಂತ ತೋರಿಸುವುದಕ್ಕೆ ಹಾರ್ನ್‌ಬಿ ಬಹಳ ಗಮನ ಕೊಟ್ಟಿದ್ದರು.

ನಿಮ್ಮ ಅಗತ್ಯಕ್ಕೆ ಹೇಳಿ ಮಾಡಿಸಿದ್ದು ಮಾತ್ರ ಕೋಬಿಲ್ಡ್. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ 1987ರಲ್ಲಿ ಬಂತು. ಅದರಲ್ಲಿ ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಹೇಳುತ್ತಾರೆ, 'ಒಂದು ವಸ್ತು ಇನ್ನೊಂದರಿಂದ ಹೀಗಾದರೆ ಅದಕ್ಕೆ ಹೀಗೆನ್ನುತ್ತಾರೆ' ಅನ್ನೋ ಧಾಟಿಯಲ್ಲಿ. ಆ ವಾಕ್ಯದೊಳಗೇ ಕರ್ತೃ ಯಾರು, ಯಾವ ಪ್ರಿಪೊಸಿಷನ್ ಅನ್ನೋದೂ ಬಂದುಬಿಡುತ್ತೆ. ಉದಾಹರಣೆಗಳನ್ನು ನಿಜವಾದ ಬರಹ ಮತ್ತು ಮಾತಿನ ಸಂಚಯದಿಂದ ಆರಿಸಿದ್ದಾರೆ, ಕೂತು ಕಟ್ಟಿದ್ದಲ್ಲ. ಪಾಂಡವಪುರದವರ ಎರಡನೇ ತಕರಾರಿಗೂ ಇದು ಉತ್ತರ. ಈ ಮೂರೂ ನಿಘಂಟುಗಳನ್ನು ಇಂಟರ್‌ನೆಟ್‌ನಲ್ಲಿ ದುಡ್ಡಿಲ್ಲದೆ ನೋಡಬಹುದು, ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ.

ಸ್ಟಾಟ್ಸ್ ಮೇಡಂ, ಮೈಸೂರು

ಸಂಖ್ಯಾಶಾಸ್ತ್ರ ಪಾಠ ಮಾಡುವವಳಾಗಿ ಒಂದು ಎಚ್ಚರಿಕೆ. ಪಟ್ಟಿಯ ಮೊದಲ ಭಾಗದಲ್ಲೇ 'ಸಿಗ್ನಿಫಿಕೆಂಟ್' ಇದೆ. ಅರ್ಥದ ಸಾಲಿನಲ್ಲಿ ಮುಖ್ಯವಾದದ್ದು, ಗಣನೀಯವಾದದ್ದು ಅಂತ ಇರುತ್ತೆ. ದಿನಬಳಕೆಗೆ ಅದು ಸರಿ. ಆದರೆ ನಿಮ್ಮ ರಿಪೋರ್ಟಿನಲ್ಲಿ ಟೇಬಲ್ ಕೆಳಗೆ 'ಸಿಗ್ನಿಫಿಕೆಂಟ್ ಡಿಫರೆನ್ಸ್' ಅಂತ ಬರೆದರೆ ಓದುವವರು ನೀವು ಒಂದು ಟೆಸ್ಟ್ ಮಾಡಿದ್ದೀರಿ ಅಂದುಕೊಳ್ಳುತ್ತಾರೆ. ಇಲ್ಲಿ ಅದರ ಅರ್ಥ ಬೇರೆ: ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ, ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ವ್ಯತ್ಯಾಸ ಕಾಣುವ ಸಂಭವ ಮೊದಲೇ ಗೊತ್ತುಮಾಡಿದ ಮಿತಿಗಿಂತ ಕಡಿಮೆ. ಸಾಮಾನ್ಯವಾಗಿ ಆ ಮಿತಿ 0.05.

ಇದರಿಂದ ಏನಾಗುತ್ತೆ ಅಂದರೆ, ಲಕ್ಷ ರೈತರ ಸ್ಯಾಂಪಲ್ ತೆಗೆದರೆ ಎರಡು ತಾಲ್ಲೂಕುಗಳ ನಡುವೆ ತೀರಾ ಸಣ್ಣ ವ್ಯತ್ಯಾಸ ಇದ್ದರೂ 'ಸಿಗ್ನಿಫಿಕೆಂಟ್' ಅಂತ ಬರಬಹುದು, ಅದು ಯಾವ ರೈತನಿಗೂ ಮುಖ್ಯವಾದದ್ದಲ್ಲ. ಇಪ್ಪತ್ತು ಜನರ ಸ್ಯಾಂಪಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಇದ್ದರೂ 'ನಾಟ್ ಸಿಗ್ನಿಫಿಕೆಂಟ್' ಬರಬಹುದು, ಅದು ಆ ಇಪ್ಪತ್ತು ಮನೆಗಳಿಗೆ ಬಹಳ ಮುಖ್ಯವಾದದ್ದು. ನೀವು ಟೆಸ್ಟ್ ಮಾಡಿಲ್ಲದೆ 'ದೊಡ್ಡದು' ಅನ್ನೋದಷ್ಟೇ ಹೇಳಬೇಕಾದರೆ 'ಸಬ್‌ಸ್ಟ್ಯಾನ್ಶಿಯಲ್', 'ಕನ್ಸಿಡರಬಲ್', ಇಲ್ಲ ಸುಮ್ಮನೆ 'ಲಾರ್ಜ್' ಹಾಕಿ.

ನಾರ್ಮಲ್, ಎರರ್, ಪಾಪ್ಯುಲೇಶನ್, ಬಯಸ್ ಎಲ್ಲವೂ ಹೀಗೇ. ಪಾಪ್ಯುಲೇಶನ್ ಅಂದರೆ ಜನಸಂಖ್ಯೆ ಅಂತ ಕಲಿತು ಬಂದ ಮಕ್ಕಳು, ಕಬ್ಬಿನ ಗದ್ದೆಗಳ ಪಾಪ್ಯುಲೇಶನ್ ಅಂದಾಗ ಬೆಪ್ಪಾಗುತ್ತಾರೆ. ಆದ್ದರಿಂದ ಸಾಮಾನ್ಯ ನಿಘಂಟಿನ ಜೊತೆಗೆ ನಿಮ್ಮ ಪಠ್ಯಪುಸ್ತಕದ ಕೊನೆಯಲ್ಲಿರುವ ಪದವಿವರಣೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎರಡರ ಅರ್ಥ ಬೇರೆ ಬೇರೆ ಇರುವ ಪದಗಳಿಗೆ ನೋಟ್‌ಬುಕ್ಕಿನಲ್ಲಿ ಪ್ರತ್ಯೇಕ ಪುಟ ಮಾಡಿ, ಎರಡೂ ಅರ್ಥಕ್ಕೆ ಒಂದೊಂದು ವಾಕ್ಯ ಬರೆಯಿರಿ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕಡ್ಡಾಯವಾಗಿ ಮಾಡಿಸುತ್ತೇನೆ.

ಸರಸ್ವತಿಪುರಂ ಓದುಗಿ

ಎಲ್ಲರೂ ಇಂಗ್ಲಿಷ್ ಬಗ್ಗೆ ಹೇಳಿದಿರಿ, ಆ ಮಗು ಕೇಳಿದ ಕನ್ನಡದ ಪ್ರಶ್ನೆ ಹಾಗೇ ಉಳಿಯಿತು.

ಕನ್ನಡದಲ್ಲಿ ಯೋಚಿಸುವುದನ್ನು ಬಿಡು ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಮ್ಮ. ಡಿಗ್ರಿಯಲ್ಲಿ 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಓದಿದ್ದೀಯ ಅಲ್ವಾ? ಬೆಲೆ ಏರಿದರೆ ಬೇಡಿಕೆ ಎಷ್ಟು ಕುಗ್ಗುತ್ತೆ ಅನ್ನೋದನ್ನು ಸಂಪೂರ್ಣವಾಗಿ ತಿಳಿದಿದ್ದೀಯ. 'ಇಲ್ಯಾಸ್ಟಿಸಿಟಿ' ನಿನಗೆ ಹೊಸ ವಿಷಯವಲ್ಲ, ಗೊತ್ತಿರುವ ವಿಷಯಕ್ಕೆ ಇನ್ನೊಂದು ಹೆಸರು. ವಿಷಯವನ್ನೂ ಹೆಸರನ್ನೂ ಒಟ್ಟಿಗೇ ಇಂಗ್ಲಿಷಿನಲ್ಲಿ ಕಲಿಯುವವರಿಗಿಂತ ನಿನ್ನ ಕೆಲಸ ಹಗುರ. ಕುವೆಂಪು 1956ರಿಂದ 60ರವರೆಗೆ ಇದೇ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಉನ್ನತ ಶಿಕ್ಷಣ ಕನ್ನಡದಲ್ಲಿ ಸಾಧ್ಯ ಎಂದು ಪಟ್ಟುಹಿಡಿದರು. ಆ ದಾರಿಯಲ್ಲಿ ಬಂದ ಪಠ್ಯಗಳನ್ನು ಓದಿದವರು ನಾವು. ಅದು ನಮಗೆ ಕೊಟ್ಟ ತಿಳಿವನ್ನು ಬಚ್ಚಿಟ್ಟು ಇಂಗ್ಲಿಷ್ ಕಲಿಯಬೇಕಾಗಿಲ್ಲ.

ಆದರೆ ಪದಕ್ಕೆ ಪದ ಬರೆದುಕೊಳ್ಳಬೇಡ, ವಾಕ್ಯಕ್ಕೆ ವಾಕ್ಯ ಬರೆ. ಒಳ್ಳೆಯ ಉದಾಹರಣೆ ವಾಕ್ಯ ಒಂದನ್ನು ತೆಗೆದುಕೊಂಡು, ಅದನ್ನು ನಮ್ಮ ಮನೆಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಸಹಜವಾದ ಕನ್ನಡಕ್ಕೆ ತಾ. ಇಂಗ್ಲಿಷ್ ವಾಕ್ಯ ಮುಚ್ಚಿಡು. ಒಂದೆರಡು ದಿನ ಬಿಟ್ಟು, ಬರೀ ಕನ್ನಡ ನೋಡಿಕೊಂಡು ಅದನ್ನು ಮತ್ತೆ ಇಂಗ್ಲಿಷ್ ಮಾಡು. ಆಮೇಲೆ ಮೂಲದ ಪಕ್ಕ ಇಟ್ಟು ನೋಡು. ಎಲ್ಲಿ ಬೇರೆಯಾಯಿತೋ ಅಲ್ಲಿ ಕಲಿಯಬೇಕಾದದ್ದು ಇದೆ. ಮೇಷ್ಟ್ರು ಹೇಳಿದ ಆ 'ಬಗ್ಗೆ', 'ಮೇಲೆ' ಎಲ್ಲ ಅಲ್ಲಿ ಎದ್ದು ಕಾಣುತ್ತವೆ.

ಇನ್ನೊಂದನ್ನೂ ನೋಡುತ್ತೀಯ. ಕನ್ನಡದಲ್ಲಿ ನೀನು 'ಬೆಲೆ ಕುಸಿದಿದ್ದರಿಂದ ರೈತರಿಗೆ ಸಾಲ ತೀರಿಸಲಾಗಲಿಲ್ಲ' ಅಂತ ಕ್ರಿಯಾಪದಗಳಲ್ಲಿ ಹೇಳುತ್ತೀಯ. ವಿದ್ವತ್ ಇಂಗ್ಲಿಷ್ ಅದನ್ನೇ 'ಬೆಲೆಯ ಕುಸಿತ', 'ಮರುಪಾವತಿಯ ಸಾಮರ್ಥ್ಯ' ಅಂತ ನಾಮಪದಗಳಾಗಿ ಗಂಟುಕಟ್ಟಿ ಇಡುತ್ತೆ. ನಮ್ಮ ಪತ್ರಿಕೆಗಳ ಸಂಪಾದಕೀಯಗಳಲ್ಲೂ ಈ ಗಂಟುಗಳಿವೆ, ಹಾಗಾಗಿ ನಿನಗೆ ಅಪರಿಚಿತವಲ್ಲ. ಅಲ್ಲಿ ಗುರುತಿಸಿದರೆ ಇಲ್ಲಿ ಕಟ್ಟುವುದು ಸುಲಭ.

ಮೈಸೂರಿನಲ್ಲಿ ಇರುವ ಅನುಕೂಲ ಬೇರೆ ಊರಿನವರಿಗಿಲ್ಲ. ಗಂಗೋತ್ರಿಯ ಪಕ್ಕದಲ್ಲೇ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ, 1969ರಿಂದ. ರಾಷ್ಟ್ರೀಯ ಅನುವಾದ ಮಿಷನ್ ಅಲ್ಲಿಂದಲೇ ನಡೆಯುತ್ತೆ, ಉನ್ನತ ಶಿಕ್ಷಣದ ಇಂಗ್ಲಿಷ್ ಪಠ್ಯಗಳನ್ನು ಭಾರತೀಯ ಭಾಷೆಗಳಿಗೆ ತರಿಸುವುದು ಅದರ ಕೆಲಸ. ಕನ್ನಡದ ಅನುವಾದವನ್ನೂ ಇಂಗ್ಲಿಷ್ ಮೂಲವನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಒಂದು ಅಧ್ಯಾಯ ಓದಿ ನೋಡು. ಮೈಸೂರು ವಿಶ್ವವಿದ್ಯಾನಿಲಯದ್ದೇ ಇಂಗ್ಲಿಷ್-ಕನ್ನಡ ನಿಘಂಟು ಇದೆ, ದಪ್ಪದ್ದು, ಲೈಬ್ರರಿಯಲ್ಲಿ ಕೇಳು. ಒಂದು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎಷ್ಟು ದಾರಿಗಳಿವೆ ಅನ್ನೋದು ಅದನ್ನು ತೆರೆದಾಗ ತಿಳಿಯುತ್ತೆ.

ಮದ್ದೂರು ಮೇಷ್ಟ್ರು

ತಾಯಿ ಹೇಳಿದ ತಿರುಗಿ ಅನುವಾದ ಮಾಡುವ ಕ್ರಮಕ್ಕೆ ನನ್ನ ಪೂರ್ಣ ಒಪ್ಪಿಗೆ. ನಾನು ಹೇಳಿದ್ದಕ್ಕಿಂತ ಒಳ್ಳೆಯದು. ತರಗತಿಯಲ್ಲಿ ಎಂಬತ್ತು ಮಕ್ಕಳಿಗೆ ಮಾಡಿಸುವುದು ಕಷ್ಟ, ಒಬ್ಬರೇ ಕೂತು ಮಾಡುವವರಿಗೆ ಇದಕ್ಕಿಂತ ಇನ್ನೊಂದಿಲ್ಲ.

ವಿ.ಸಿ. ಫಾರಂ ಹುಡುಗ

ಇವೆಲ್ಲ ಸರಿ ಮೇಷ್ಟ್ರೆ, ಆದ್ರೆ ಸೋಮವಾರ ಕಲ್ತಿದ್ದು ಶುಕ್ರವಾರಕ್ಕೆ ಇರಾಕಿಲ್ವಲ್ಲ. ಒಂದೇ ಪದನ ಒಂದೇ ದಿನ ಐವತ್ತು ಸಲ ಬರೀತೀನಿ, ಆದ್ರೂ ಮರ್ತೋಯ್ತದೆ. ಅದ್ಕೇನ್ ಮಾಡದು?

ಕುಕ್ಕರಹಳ್ಳಿ ಏರಿ

ತಮ್ಮಾ, ಒಂದೇ ದಿನ ಐವತ್ತು ಸಲ ಬರೆಯೋದರ ಬದಲು ಬೇರೆ ಬೇರೆ ದಿನ ಐದು ಸಲ ನೆನಪು ಮಾಡಿಕೋ. ಹೆರ್ಮಾನ್ ಎಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ: ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಜಾರುತ್ತೆ, ಆಮೇಲೆ ನಿಧಾನ. ಒಟ್ಟಿಗೆ ಮಾಡಿದ ಪುನರಾವರ್ತನೆಗಿಂತ ದಿನಗಳಲ್ಲಿ ಹಂಚಿ ಮಾಡಿದ್ದು ಹೆಚ್ಚು ಉಳಿಯುತ್ತೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೊಂದು ಪೆಟ್ಟಿಗೆ ಮಾಡಿಕೊಟ್ಟ. ಪೆಟ್ಟಿಗೆಯಲ್ಲಿ ಕೆಲವು ಖಾನೆ. ಹೊಸ ಚೀಟಿಗಳೆಲ್ಲ ಮೊದಲ ಖಾನೆಯಲ್ಲಿ, ಅದನ್ನು ದಿನಾ ನೋಡಬೇಕು. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ, ಅದನ್ನು ಅಷ್ಟು ಬೇಗ ನೋಡಬೇಕಾಗಿಲ್ಲ. ತಪ್ಪಿದ್ದು ಎಲ್ಲಿದ್ದರೂ ವಾಪಸ್ ಮೊದಲ ಖಾನೆಗೆ. ಮೊಬೈಲಿನಲ್ಲಿ ಇದೇ ಕೆಲಸವನ್ನು ಆಂಕಿ ಅನ್ನೋ ಆ್ಯಪ್ ಮಾಡುತ್ತೆ, ಆಂಡ್ರಾಯ್ಡ್‌ಗೆ ಉಚಿತ.

ಚೀಟಿಯ ಮೇಲೆ ಏನು ಬರೀತೀಯ ಅನ್ನೋದು ಮುಖ್ಯ. ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಬರೆದರೆ ಅಕ್ಕನ ಮೊದಲ ತೊಂದರೆಯೇ ನಿನಗೂ ಬರುತ್ತೆ, ಕೇಳಿದರೆ ಗೊತ್ತು, ಬರೆದರೆ ಇಲ್ಲ. ಮುಂದಿನ ಕಡೆ ನಿನ್ನದೇ ವಾಕ್ಯ, ಪದದ ಜಾಗ ಖಾಲಿ, ಕೆಳಗೆ ಅದರ ಕನ್ನಡ ವಾಕ್ಯ. ಹಿಂದಿನ ಕಡೆ ಪದ, ಜೊತೆಗೆ ಅದರ ಪ್ರಿಪೊಸಿಷನ್. ತಿರುಗಿಸೋ ಮುಂಚೆ ಬಾಯಿಬಿಟ್ಟು ಹೇಳು.

ಗಂಗೋತ್ರಿ ಎಕನಾಮಿಕ್ಸ್

ಮೂರು ವಾಕ್ಯ ಬರೆದಿದ್ದೇನೆ. ಮೇಷ್ಟ್ರೇ, ದಯವಿಟ್ಟು ನೋಡಿ.

ಒಂದು: 'ದಿ ಶುಗರ್ ಕಂಪನಿ ಅಟ್ ಮಂಡ್ಯ ವಾಸ್ ಎಸ್ಟ್ಯಾಬ್ಲಿಷ್ಡ್ ಇನ್ 1933.'

ಎರಡು: 'ದಿ ಇನ್‌ಕಮ್ ಆಫ್ ದೀಸ್ ಹೌಸ್‌ಹೋಲ್ಡ್ಸ್ ಈಸ್ ಡಿರೈವ್ಡ್ ಬೈ ಶುಗರ್‌ಕೇನ್.'

ಮೂರು: 'ದಿ ಡೇಟಾ ಪ್ರೂವ್ ದಟ್ ಡಿಲೇಯ್ಡ್ ಪೇಮೆಂಟ್ ಕಾಸಸ್ ಡೆಟ್.'

ಮದ್ದೂರು ಮೇಷ್ಟ್ರು

ಒಂದನೆಯದು ಸರಿ, ಕೈ ಹಾಕುವುದಿಲ್ಲ.

ಎರಡನೆಯದರಲ್ಲಿ 'ಬೈ' ತೆಗೆದು 'ಫ್ರಮ್' ಹಾಕು. ಕರ್ಮಣಿ ಪ್ರಯೋಗ ಕಂಡ ಕೂಡಲೇ 'ಬೈ' ಬರೆಯುವುದು ನಮಗೆ ಶಾಲೆಯಲ್ಲಿ ಕೂರಿಸಿದ ಅಭ್ಯಾಸ. 'ಬೈ' ಎಂದರೆ ಅಲ್ಲಿ ಮಾಡಿದವರು ಬರಬೇಕು. ಇಲ್ಲಿ ಕಬ್ಬು ಆದಾಯದ ಮೂಲ, ಆದಾಯ ಗಳಿಸಿದವರು ರೈತರು. ಆ ಮನೆಗಳಿಗೆ ಹಾಲು, ರೇಷ್ಮೆಯಿಂದಲೂ ಆದಾಯ ಇದ್ದರೆ 'ಫ್ರಮ್' ಹಿಂದೆ 'ಮೇನ್ಲಿ' ಸೇರಿಸು, ಇಲ್ಲದಿದ್ದರೆ ನಿನ್ನ ವಾಕ್ಯ ಸುಳ್ಳಾಗುತ್ತದೆ.

ಮೂರನೆಯದರಲ್ಲಿ 'ಡೇಟಾ ಪ್ರೂವ್' ಎಂದು ಬಹುವಚನ ಇಟ್ಟಿದ್ದೀಯ, ವಿದ್ವತ್ ಬರಹಕ್ಕೆ ಒಪ್ಪುತ್ತದೆ. ಆದರೆ ಎಷ್ಟು ಮನೆಗಳನ್ನು ಮಾತಾಡಿಸಿದ್ದೀಯ?

ಗಂಗೋತ್ರಿ ಎಕನಾಮಿಕ್ಸ್

ನಲವತ್ತು ಮನೆ ಸರ್, ಎರಡು ಹಳ್ಳಿ.

ಸ್ಟಾಟ್ಸ್ ಮೇಡಂ, ಮೈಸೂರು

ಹಾಗಾದರೆ 'ಪ್ರೂವ್' ಬೇಡ, 'ಕಾಸಸ್' ಕೂಡ ಬೇಡ. ಹಣ ತಡವಾದ ಮನೆಗಳಲ್ಲಿ ಸಾಲ ಹೆಚ್ಚಿದೆ ಅಂತ ನಿಮಗೆ ಕಂಡಿದೆ. ಆ ಮನೆಗಳಲ್ಲಿ ಜಮೀನೂ ಕಡಿಮೆ ಇರಬಹುದು, ಆಸ್ಪತ್ರೆ ಖರ್ಚು ಬಂದಿರಬಹುದು. 'ದಿ ಡೇಟಾ ಸಜೆಸ್ಟ್ ದಟ್ ಡಿಲೇಯ್ಡ್ ಪೇಮೆಂಟ್ ಈಸ್ ಅಸೋಸಿಯೇಟೆಡ್ ವಿತ್ ಹೈಯರ್ ಡೆಟ್' ಅಂತ ಬರೆಯಿರಿ. 'ಅಸೋಸಿಯೇಟೆಡ್' ಜೊತೆ ಯಾವಾಗಲೂ 'ವಿತ್'. ವೈವಾದಲ್ಲಿ ಯಾರು ಎಷ್ಟು ಕೆಣಕಿದರೂ ಈ ವಾಕ್ಯವನ್ನು ನೀವು ಸಮರ್ಥಿಸಿಕೊಳ್ಳಬಹುದು.

ಮದ್ದೂರು ಮೇಷ್ಟ್ರು

ಮೇಡಂ ಹೇಳಿದ್ದೇ ಅಂತಿಮ. ಅದನ್ನು ಹಾಗೇ ಚೀಟಿಗೆ ಏರಿಸು. ಮುಂದಿನ ಪದಗಳು ಕನ್‌ಸ್ಟ್ರೇನ್, ಅಲೊಕೇಟ್, ಫ್ಲಕ್ಚುಯೇಟ್. ಮೂರನೆಯದಕ್ಕೆ ಕಬ್ಬಿನ ಬೆಲೆ ಬಿಟ್ಟು ಕೆ.ಆರ್.ಎಸ್. ನೀರಿನ ಮಟ್ಟದ ಮೇಲೆ ಬರೆ, ಗರಿಷ್ಠ 124.80 ಅಡಿ ಎನ್ನುವುದನ್ನೂ ವಾಕ್ಯದಲ್ಲಿ ತಾ. ವಿ.ಸಿ. ಫಾರಂ ಮಗನೇ, ನೀನೂ ಬರೆಯಬೇಕು.

ವಿ.ಸಿ. ಫಾರಂ ಹುಡುಗ

ಬರ್ದೆ ಮೇಷ್ಟ್ರೆ. 'ದಿ ವಾಟರ್ ಲೆವೆಲ್ ಇನ್ ದಿ ರಿಸರ್ವಾಯರ್ ಫ್ಲಕ್ಚುಯೇಟ್ಸ್ ಡ್ಯೂರಿಂಗ್ ದಿ ಇಯರ್ ಅಂಡ್ ಕೆನಾಟ್ ಎಕ್ಸೀಡ್ ದ್ಯಾನ್ 124.80 ಫೀಟ್.'

ಮದ್ದೂರು ಮೇಷ್ಟ್ರು

'ಎಕ್ಸೀಡ್' ಮುಂದೆ 'ದ್ಯಾನ್' ಬೇಡ. 'ಗಿಂತ ಮೀರು' ಎಂಬ ನಮ್ಮ 'ಗಿಂತ' ಅಲ್ಲಿ ಬಂದು ಕೂತಿದೆ. ಅದೊಂದು ತೆಗೆದರೆ ಉಳಿದದ್ದೆಲ್ಲ ಚೆನ್ನಾಗಿದೆ. ಇನ್ನು ಆ 'ಕೆನಾಟ್' ಬದಲು 'ಮಸ್ಟ್ ನಾಟ್' ಹಾಕಿದರೆ ಅರ್ಥ ಹೇಗೆ ಬದಲಾಗುತ್ತದೆ, ನೀರಾವರಿ ಇಲಾಖೆಯವರು ಬರೆದರೆ ಯಾವುದನ್ನು ಬರೆಯುತ್ತಾರೆ, ಇಬ್ಬರೂ ಯೋಚಿಸಿ ಹಾಕಿ.